ಮೂರನೇ ಸೆಟ್ಟಿಗೆ ಕಟ್ಟಿದ ಬ್ಯಾಟು

ಲಕ್ಷ್ಮೀಪತಿಯವರು ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡು ಸ್ಲೇಟಿನ ಮೇಲಿದ್ದ ಹೆಸರನ್ನು ಅಳಿಸಿಬಿಟ್ಟರು. ಒದ್ದೆ ಬಟ್ಟೆ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಅದನ್ನು ಎತ್ತಿಕೊಳ್ಳುವಷ್ಟೂ ಬೆಲೆ ಆ ಹೆಸರಿಗೆ ಇರಲಿಲ್ಲ.

"ಯಾರಪ್ಪಾ ಇದು, ಮುನಿರಾಜು ಅಂತ ಬರೆದೋರು?" ಅಂತ ಬೇರೆ ಕೇಳಿದರು. ಮುನಿರಾಜು ಮೂರಡಿ ದೂರದಲ್ಲಿ ರೋಲರಿನ ಹಿಡಿ ಹಿಡಿದುಕೊಂಡು ನಿಂತಿದ್ದ.

"ನಾನೇ ಸಾರ್. ನಾಳೆ ಬೆಳಿಗ್ಗೆ ಆರೂವರೆ ಖಾಲಿ ಇತ್ತು."

"ಖಾಲಿ ಇದ್ರೆ? ಬಸ್ಸಲ್ಲಿ ಸೀಟಾ ಇದು, ಟವೆಲ್ ಹಾಕಿ ಹಿಡ್ಕೊಳ್ಳೋಕೆ?"

ರಾಜಾಜಿನಗರದ ಐದನೇ ಬ್ಲಾಕಿನ ಆ ಟೆನಿಸ್ ಕ್ಲಬ್ಬಿಗೆ ಇದ್ದದ್ದು ಒಂದೇ ಕೆಂಪು ಮೊರಂ ಮಣ್ಣಿನ ಕೋರ್ಟು, ಒಂದು ಶೀಟಿನ ರೂಮು, ಗೇಟಿನ ಪಕ್ಕ ಒಂದು ಸ್ಲೇಟು. ಆಡಬೇಕಾದ ಮೆಂಬರುಗಳು ಹಿಂದಿನ ದಿನ ಬಂದು ಬೇಕಾದ ಗಂಟೆಯ ಎದುರು ತಮ್ಮ ಕೈಯಾರೆ ಹೆಸರು ಬರೆಯಬೇಕು. ಬೇರೆಯವರು ಬರೆದರೆ ಲೆಕ್ಕಕ್ಕಿಲ್ಲ. ಸೆಕ್ರೆಟರಿ ಲಕ್ಷ್ಮೀಪತಿ ರೂಲ್ಸುಗಳ ಮನುಷ್ಯ. ರೂಮಿನ ಗೋಡೆ ತುಂಬ ಅವರ ಕೈಬರಹದ ಬೋರ್ಡುಗಳು: ಚಪ್ಪಲಿ ಬಗ್ಗೆ ಒಂದು, ನಲ್ಲಿ ಬಗ್ಗೆ ಒಂದು, ಚೆಂಡಿನ ಬಗ್ಗೆ ಒಂದು.

ಮುನಿರಾಜು ಹೇರೋಹಳ್ಳಿಯವನು. ಏಳನೇ ಕ್ಲಾಸಿನಲ್ಲಿ ಮೇಷ್ಟರ ಕೈಲಿದ್ದ ಕೋಲು ಕಿತ್ತು ಎರಡು ತುಂಡು ಮಾಡಿ ಹೊರಬಿದ್ದ ಮೇಲೆ ಮತ್ತೆ ಸ್ಕೂಲಿನೊಳಗೆ ಕಾಲಿಟ್ಟಿರಲಿಲ್ಲ. ಈಗ ಇಪ್ಪತ್ತೊಂದು ವರ್ಷ. ವಾರದ ಆರು ದಿನ ಇಂಡಸ್ಟ್ರಿಯಲ್ ಟೌನಿನ ಒಂದು ವರ್ಕ್‌ಶಾಪಿನಲ್ಲಿ ಲೇತು ತಿರುಗಿಸುತ್ತಿದ್ದ. ಬೆಳಗಿನ ಜಾವ ಕ್ಲಬ್ಬಿಗೆ ಬಂದು ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಎಳೆದು ಶಿಫ್ಟಿಗೆ ಓಡುತ್ತಿದ್ದ. ಹಾಗೆ ಎಂಟು ವರ್ಷ. ಅದಕ್ಕೆ ಅವನಿಗೆ ಸಿಗುತ್ತಿದ್ದದ್ದು, ಮೆಂಬರುಗಳು ಎಲ್ಲ ಮನೆಗೆ ಹೋದ ಮೇಲೆ ಉಳಿಯುವ ಅರ್ಧ ಗಂಟೆಯ ಬೆಳಕು, ಒಂದು ಗೋಡೆ, ಮತ್ತು ಅವರು ಬೇಡವೆಂದು ಎಸೆದ ಬೋಳು ಚೆಂಡುಗಳು.

ಆದರೆ ಆ ಅರ್ಧ ಗಂಟೆಯಲ್ಲಿ ಅವನು ಏನೇನು ಕಲಿತಿದ್ದ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಗೋಡೆಗೆ ಮಾತ್ರ ಗೊತ್ತಿತ್ತು.

"ಸಾರ್," ಅಂದ ಮುನಿರಾಜು. ಕಿವಿಯೆಲ್ಲ ಕೆಂಪಾಗಿತ್ತು. "ನಿಮ್ಮಲ್ಲಿ ಯಾರು ಚೆನ್ನಾಗಿ ಆಡ್ತಾರೋ ಅವ್ರನ್ನ ಕರೀರಿ. ನಾನು ಸೋತ್ರೆ ಈ ಗೇಟೊಳಗೆ ಕಾಲಿಡಲ್ಲ, ರೋಲರ್ ನೀವೇ ಎಳ್ಕೊಳ್ಳಿ. ಗೆದ್ರೆ ನನ್ನೆಸ್ರು ನಾನೇ ಬರೀತೀನಿ. ಎಂಜ್ಲು ಹಚ್ಚಿ ಅಳಿಸಂಗಿಲ್ಲ."

ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದ ನಾಲ್ಕೈದು ಜನ ನಕ್ಕರು. ಕ್ಲಬ್ಬಿನ ಚಾಂಪಿಯನ್ ಶ್ಯಾಮಸುಂದರನೂ ನಕ್ಕ. ಬ್ಯಾಂಕಿನ ಆಫೀಸರು, ಎತ್ತರದ ಆಳು, ಕೆಟ್ಟವನೇನಲ್ಲ. "ನಾನು ರೆಡಿ ಸಾರ್. ಬರೋ ಭಾನುವಾರ ನಾಲ್ಕು ಗಂಟೆಗೆ. ಮೂರು ಸೆಟ್."

"ಶ್ಯಾಮು, ತಲೆ ಕೆಟ್ಟಿದೆಯೇನ್ರೀ ನಿಮಗೆ?"

"ಆಡ್ಲಿ ಬಿಡಿ ಸಾರ್," ಅಂದಳು ಪ್ರಭಾ. ಕಾಲೇಜಿನಲ್ಲಿ ಗಣಿತ ಹೇಳುವವಳು, ಕ್ಲಬ್ಬಿನ ಒಬ್ಬಳೇ ಹೆಣ್ಣು ಮೆಂಬರು. "ಅಂಪೈರ್ ನಾನಾಗ್ತೀನಿ. ಎಲ್ಲ ನಿಮ್ಮ ರೂಲ್ಸ್ ಪ್ರಕಾರಾನೇ."

ತಮ್ಮ ರೂಲ್ಸು ಅಂದ ತಕ್ಷಣ ಲಕ್ಷ್ಮೀಪತಿ ಮೆತ್ತಗಾದರು. ಒಪ್ಪಿದರು.

ಮಾತು ಆಡಿ ಮುಗಿದ ಮೇಲೆ ಮುನಿರಾಜುಗೆ ನೆನಪಾಯಿತು, ಬ್ಯಾಟಿನ ಜಾಲರಿಯ ನರ ಎರಡು ಕಡೆ ಕಿತ್ತುಹೋಗಿದೆ.

*

ಭಾಷ್ಯಂ ಸರ್ಕಲ್ಲಿನ ಹತ್ತಿರ ಒಂದು ಮೆಟ್ಟಿಲಷ್ಟು ಅಗಲದ ಅಂಗಡಿಯಲ್ಲಿ ಕೆಂಪಯ್ಯ ಕೂರುತ್ತಿದ್ದ. ಕೊಡೆ ರಿಪೇರಿ, ಬ್ಯಾಟಿಗೆ ನರ ಕಟ್ಟೋದು, ಎರಡೇ ಕಸುಬು. ದಂಡಿನ ಕಡೆ ಮಿಲಿಟರಿ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಸಾಹೇಬರುಗಳ ಬ್ಯಾಟು ಕಟ್ಟಿದ್ದನಂತೆ. ಒಂದು ದಿನವೂ ಟೆನಿಸ್ ಆಡಿದವನಲ್ಲ.

"ಅಣ್ಣೋ, ಗಟ್ ಹಾಕು," ಅಂತ ಮುನಿರಾಜು ಬ್ಯಾಟನ್ನು ಮುಂದೆ ಚಾಚಿದ. "ಕುರಿ ಕರುಳಿನ ನರ. ಟಣ್ ಅನ್ನಬೇಕು. ಶ್ಯಾಮಸುಂದರಂದು ಹೆಂಗೆ ಸದ್ದು ಮಾಡ್ತದೆ ಗೊತ್ತಾ? ಗಂಟೆ ಹೊಡೆದಂಗೆ."

ಕೆಂಪಯ್ಯ ಬ್ಯಾಟನ್ನು ಬೆಳಕಿಗೆ ಹಿಡಿದ. ಯಾರೋ ಮೆಂಬರು ಮೈಸೂರಿಗೆ ವರ್ಗವಾಗಿ ಹೋಗುವಾಗ ಬಿಸಾಕಿದ್ದ ಮರದ ಬ್ಯಾಟು ಅದು. ಕತ್ತಿನ ಹತ್ತಿರ ಬಿರುಕು ಬಿಟ್ಟಿದ್ದನ್ನು ಮುನಿರಾಜುವೇ ಸರೇಸು ಹಾಕಿ ಅಂಟಿಸಿದ್ದ. ನರಗಳ ಮೇಲೆ ಕೆಮ್ಮಣ್ಣಿನ ಕಲೆ ನಡುಮಧ್ಯದಲ್ಲಿರಲಿಲ್ಲ, ಕೆಳಗಡೆ ಒಂದು ಪಕ್ಕಕ್ಕೆ ಹರಡಿತ್ತು.

"ಚೆಂಡು ಹೊಡೆಯುವಾಗ ನಿನ್ನ ಬ್ಯಾಟು ಕೈಯೊಳಗೆ ತಿರುಗ್ತದೆ," ಅಂದ ಕೆಂಪಯ್ಯ.

"ನೀನು ನಾನಾಡೋದ ಎಲ್ಲಿ ನೋಡಿದೀಯ?"

"ಕಲೆ ನೋಡಿದ್ರೆ ಸಾಲ್ದಾ? ಚಪ್ಪಲಿ ಸವೆದಿರೋದು ನೋಡಿ ಮನುಷ್ಯ ಹೆಂಗೆ ನಡೀತಾನೆ ಅಂತ ಹೇಳಕ್ಕಾಗಲ್ವಾ? ಹಂಗೇ ಇದು. ಎಲ್ಲಿ, ಕೈ ತೋರ್ಸು."

ಲೇತಿನ ಬಿಸಿ ಚೂರು ಸಿಡಿದು ಸಿಡಿದು ಚುಕ್ಕೆ ಬಿದ್ದಿದ್ದ ದೊಡ್ಡ ಅಂಗೈ. ಬೆವರು. ಕೆಂಪಯ್ಯ ಅದನ್ನು ಬ್ಯಾಟಿನ ಹಿಡಿಯ ಮೇಲಿಟ್ಟು ನೋಡಿದ. ಬೆರಳುಗಳು ಸುತ್ತಿಬಂದು ಅಂಗೈಗೇ ಚುಚ್ಚುತ್ತಿದ್ದವು.

"ಯಾರೋ ಸಣ್ಣ ಕೈಯವನ ಬ್ಯಾಟು ಇದು. ಹಿಡಿ ದಪ್ಪ ಆಗ್ಬೇಕು. ಮೇಲಿರೋ ತೊಗಲು ಬೆವರಿಗೆ ಜಾರ್ತದೆ." ಡಬ್ಬದೊಳಗೆ ಕೈ ಹಾಕಿ ಸುರುಳಿಯೊಂದನ್ನು ತೆಗೆದ. ಬಿಳೀ ನೂಲಿನ ಚಪ್ಪಟೆ ಪಟ್ಟಿ.

"ಇದೇನಣ್ಣಾ, ಲಾಟೀನ್ ಬತ್ತಿ!"

"ಹೂಂ. ರಾತ್ರಿಯೆಲ್ಲ ಸೀಮೆಎಣ್ಣೆ ಕುಡಿಯೋದಕ್ಕೆ ನಿನ್ನ ಬೆವರು ಕುಡಿಯೋದು ಕಷ್ಟವಾ?" ಬತ್ತಿಯನ್ನು ಎಳೆದೆಳೆದು ತೊಗಲಿನ ಮೇಲೆ ಸುತ್ತಿದ. "ಈಗ ಹಿಡಿ."

ಮುನಿರಾಜು ಹಿಡಿದ. ಬ್ಯಾಟು ಕೈಗೆ ಕಚ್ಚಿಕೊಂಡಿತು. ಮೊಣಕೈಯಿಂದಲೇ ಬೆಳೆದು ಬಂದಂತೆ. ಅವನಿಗೆ ನಗು ತಡೆಯಲಾಗಲಿಲ್ಲ.

"ಇನ್ನು ನರ," ಅಂದ ಕೆಂಪಯ್ಯ. "ಯಾವ ಚೆಂಡಲ್ಲಿ ಆಡ್ತೀಯ?"

ಮುನಿರಾಜುಗೆ ನಾಚಿಕೆಯಾಯಿತು. ನಾಚಿಕೆಯಾದರೆ ಅವನಿಗೆ ಬರುತ್ತಿದ್ದದ್ದು ಸಿಟ್ಟೇ. "ಅವ್ರು ಬಿಸಾಕಿದ್ರಲ್ಲಿ! ಕೂದಲುದುರಿದ್ರಲ್ಲಿ! ಇನ್ನೇನು ಹೊಸಾ ಡಬ್ಬಿ ಒಡ್ದು ಕೊಡ್ತಾರಾ ನಂಗೆ?"

"ನನ್ಮೇಲೆ ಯಾಕೆ ಕೂಗ್ತೀಯ? ಮ್ಯಾಚಿಗೆ?"

"ಮ್ಯಾಚಿಗೆ ಹೊಸದೇ. ಒಂದ್ ಡಬ್ಬಿ. ನಾಲ್ಕು ಚೆಂಡು."

"ಆಮೇಲೆ ಬದಲಾಯ್ಸಲ್ವಾ?"

"ಲಕ್ಷ್ಮೀಪತಿ ಬದಲಾಯ್ಸೋದಾ? ಬೋರ್ಡೇ ಬರ್ದವ್ರೆ, ಒಂದು ಪಂದ್ಯಕ್ಕೆ ಒಂದೇ ಡಬ್ಬಿ ಅಂತ. ಕೆಳಗೆ ಎರಡು ಗೆರೆ ಬೇರೆ."

"ಕೋರ್ಟು ಹೆಂಗೈತೆ?"

"ಮೊರಮ್ಮು. ದಪ್ಪ ಹರಳು. ಬಿದ್ರೆ ಮಂಡಿ ಸಿಪ್ಪೆ ಸುಲಿದಂಗೆ ಕಿತ್ತುಬತ್ತದೆ."

ಕೆಂಪಯ್ಯನಿಗೆ ಅದೇನು ಅನ್ನಿಸಿತೋ, ಇದ್ದ ನಾಲ್ಕು ಹಲ್ಲೂ ಕಾಣುವಂತೆ ನಕ್ಕ. "ಹಂಗಾದ್ರೆ ಗಟ್ ಬೇಡ. ನೈಲಾನ್ ಹಾಕ್ತೀನಿ, ಬಿಗಿ ಬೇಡ, ಸಡಿಲ. ಮೂರನೇ ಸೆಟ್ಟಿಗೆ ಕಟ್ತೀನಿ."

"ಮೂರನೇದಕ್ಕಾ? ಮೊದಲ್ನೇದು ಏನು ನಿಮ್ಮಪ್ಪ ಆಡ್ತಾನಾ?"

"ನಮ್ಮಪ್ಪ ಸತ್ತು ಕಾಲ ಆಯ್ತು. ಮೊದಲ್ನೇದು ಅವ್ನಿಗೆ ಕೊಟ್ಟುಬಿಡು. ಈಗ ಜಾಗ ಬಿಡು, ಬೆಳಕು ಅಡ್ಡ ಬರ್ತದೆ."

ಕಿತ್ತುಹೋದ ನರ ಬಿಚ್ಚಿ ಬಿಸಾಕಿ, ಹೊಸದನ್ನು ಒಂದೊಂದೇ ತೂತಿಗೆ ಪೋಣಿಸಿ, ಒಂದು ಮರದ ತುಂಡಿಗೆ ಸುತ್ತಿ ಜಗ್ಗುತ್ತಿದ್ದ. ಜಗ್ಗಿದ್ದು ಸಡಿಲವಾಗದಂತೆ ಮೊನೆಯ ಕಡ್ಡಿಯೊಂದನ್ನು ತೂತಿಗೆ ಚುಚ್ಚುತ್ತಿದ್ದ. ಮಧ್ಯೆ ಮಧ್ಯೆ ಉಗುರಿನಿಂದ ಮೀಟಿ ಕಿವಿ ಕೊಡುತ್ತಿದ್ದ. ಟಣ್ ಅನ್ನಲಿಲ್ಲ. ದುಂ ಅಂತಿತ್ತು. ಮುನಿರಾಜು ಹಲ್ಲು ಕಡಿದುಕೊಂಡು ನೋಡಿದ.

ಆದರೆ ಅವತ್ತು ಸಾಯಂಕಾಲ ಹೇರೋಹಳ್ಳಿ ಸ್ಕೂಲಿನ ಹಿಂದಿನ ಗೋಡೆಗೆ ತನ್ನ ಬೋಳು ಚೆಂಡು ಹೊಡೆದು ನೋಡಿದರೆ! ಜೀವವಿಲ್ಲದ ಆ ಚೆಂಡು ಬ್ಯಾಟಿಗೆ ಬಿದ್ದು, ಒಂದು ಕ್ಷಣ ಹಾಸಿಗೆಯಲ್ಲಿ ಮಲಗಿದಂತೆ ಮಲಗಿ, ಕವಣೆ ಕಲ್ಲಿನ ಹಾಗೆ ಹಾರಿತು. ಎಲ್ಲಿಗೆ ಅಂದರೆ ಅಲ್ಲಿಗೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ದುಂಡನೆ ಗೆರೆ ಎಳೆದು ಇಪ್ಪತ್ತು ಹೊಡೆದ, ಹದಿನೇಳು ಅದರೊಳಗೆ ಬಿದ್ದವು. ಕತ್ತಲಾದ ಮೇಲೂ ಕೈ ಸುಮ್ಮನಿರಲಿಲ್ಲ. ಅವ್ವ ಮುದ್ದೆ ಬಡಿಸಿದರೆ ಎಡಗೈಲಿ ಬ್ಯಾಟು ಹಿಡಿದುಕೊಂಡೇ ಉಂಡ.

*

ಭಾನುವಾರ ಲಕ್ಷ್ಮೀಪತಿ ತಗಡಿನ ಡಬ್ಬಿಯ ಮುಚ್ಚಳ ಕಿತ್ತರು. ಬುಸ್ಸ್ ಅಂತ ಗಾಳಿ ಹೊರಬಂತು. ಮೊಲದ ಮರಿಯಂಥ ನಾಲ್ಕು ಬಿಳೀ ಚೆಂಡು. ಮುನಿರಾಜು ತನ್ನ ಜನ್ಮದಲ್ಲಿ ಮೊದಲ ಸಲ ಹೊಸ ಚೆಂಡನ್ನು ಕೈಲಿ ಹಿಡಿದ. ಮೂಸಿ ನೋಡಿದ. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಸರ್ವಿಸ್ ಹೊಡೆದ. ಚೆಂಡು ನೆಟ್ಟಿನ ಮೇಲೆ, ಗೆರೆಯ ಮೇಲೆ, ಶ್ಯಾಮಸುಂದರನ ತಲೆಯ ಮೇಲೆ, ಬೇಲಿಯ ಮೇಲೆ ಹೋಗಿ ಆಚೆ ಖಾಲಿ ಸೈಟಿನ ಲಾಂಟಾನಾ ಪೊದೆಗೆ ಬಿತ್ತು.

"ಸಿಕ್ಸರ್!" ಅಂತ ಯಾರೋ ಕೂಗಿದರು. ಬೆಂಚೆಲ್ಲ ಹೊಟ್ಟೆ ಹಿಡಿದುಕೊಂಡಿತು.

ಮುಂದಿನದೂ ಹಾಗೇ. ಅದರ ಮುಂದಿನದೂ. ಹೊಸ ಚೆಂಡಿನೊಳಗೆ ಸೊಕ್ಕು ತುಂಬಿತ್ತು, ಸಡಿಲ ನರ ಅದನ್ನು ಇನ್ನಷ್ಟು ಎತ್ತಿ ಒಗೆಯುತ್ತಿತ್ತು. ಆಚೆ ಕಡೆ ಶ್ಯಾಮಸುಂದರನ ಬಿಗಿಯಾದ ಗಟ್ಟು ಟಣ್, ಟಣ್, ಟಣ್. ಚೆಂಡು ಅವನು ಹೇಳಿದ ಮಾತು ಕೇಳುತ್ತಿತ್ತು. ಇಪ್ಪತ್ತೈದು ನಿಮಿಷಕ್ಕೆ ಮೊದಲ ಸೆಟ್ಟು ಮುಗಿಯಿತು. ಆರು ಒಂದು.

ಬೇಲಿಯ ಆಚೆ ಕಲ್ಲೊಂದರ ಮೇಲೆ ಕೆಂಪಯ್ಯ ಕೊಡೆ ಬಿಚ್ಚಿ ಕೂತಿದ್ದ. ಮುನಿರಾಜು ನೇರ ಅಲ್ಲಿಗೆ ಹೋದ.

"ಮುದ್ಕಾ, ಕೊಂದುಬಿಟ್ಟಲ್ಲೋ ನನ್ನ! ಈ ಬ್ಯಾಟ್ನ ಇಲ್ಲೇ ಮುರಿದು ನಿನ್ನ ಒಲೆಗೆ ಹಾಕ್ತೀನಿ ನೋಡು!"

"ಹಾಕು. ಯಾವ ಸೆಟ್ಟು ಇದು?"

"ಮೊದಲ್ನೇದು!"

"ನಾನು ಯಾವ ಸೆಟ್ಟಿಗೆ ಕಟ್ಟಿದ್ದು?" ಅಂದು ಕೆಂಪಯ್ಯ ಎಲೆಗೆ ಸುಣ್ಣ ಹಚ್ಚತೊಡಗಿದ.

ಎರಡನೆಯ ಸೆಟ್ಟು ಇನ್ನೂ ಬೇಗ ಕೈಬಿಟ್ಟು ಹೋಗುತ್ತಿತ್ತು. ಸೊನ್ನೆ ಮೂರು. ಮುನಿರಾಜುಗೆ ಆ ಸ್ಲೇಟು ಕಾಣುತ್ತಿತ್ತು, ಎಂಜಲು ಬೆರಳು ಕಾಣುತ್ತಿತ್ತು. ಸರ್ವಿಸ್ ಮಾಡಲು ಚೆಂಡು ಎತ್ತಿಕೊಂಡ. ಹೆಬ್ಬೆರಳು ಸುಮ್ಮನೆ ಅದರ ಮೇಲೆ ಆಡಿತು.

ಬೆರಳು ನಿಂತಿತು. ಚೆಂಡಿನ ಒಂದು ಮಗ್ಗುಲಲ್ಲಿ ಕೂದಲಿರಲಿಲ್ಲ.

ಇನ್ನೊಂದನ್ನು ಎತ್ತಿದ. ಅದರದ್ದೂ ಅರ್ಧ ಸವೆದಿತ್ತು. ಮೊಲದ ಮರಿ ಹೋಗಿ ಕೆಂಪು ಕೆಂಪಾಗಿ, ಅವನು ಎಂಟು ವರ್ಷದಿಂದ ಆಡುತ್ತಿದ್ದ ಅದೇ ಹಳೇ ಮುಖಗಳು ಒಳಗಿನಿಂದ ಇಣುಕುತ್ತಿದ್ದವು. ದಪ್ಪ ಹರಳಿನ ಮೊರಂ ಒಂದೊಂದು ಪುಟಕ್ಕೂ ಒಂದೊಂದು ಪದರ ತಿನ್ನುತ್ತಿತ್ತು. ಆ ಮೊರಮ್ಮನ್ನು ಒತ್ತಿ ಒತ್ತಿ ಗಟ್ಟಿ ಮಾಡಿದವನು ಯಾರು? ಇವನೇ. ಚೆಂಡು ಬದಲಾಯಿಸಬೇಡಿ ಅಂದವರು ಯಾರು? ಲಕ್ಷ್ಮೀಪತಿ!

ಮುನಿರಾಜು ಬೇಲಿಯ ಕಡೆ ನೋಡಿದ. ಕೆಂಪಯ್ಯ ಎಲೆ ಅಗಿಯುತ್ತಾ ಕೊಡೆಯನ್ನು ಒಂದು ಸುತ್ತು ತಿರುಗಿಸಿದ, ಅಷ್ಟೆ.

ಆದರೆ ಚೆಂಡು ಪೂರ್ತಿ ಬೋಳಾಗುವವರೆಗೆ ತಾನು ಆಟದಲ್ಲಿ ಬದುಕಿರಬೇಕಲ್ಲ? ಅದಕ್ಕೆ ಒಂದೇ ದಾರಿ, ಹೊಡೆಯಬಾರದು. ಚಚ್ಚಬಾರದು. ಬಂದದ್ದನ್ನು ಮೆತ್ತಗೆ ಎತ್ತಿ ಆಚೆಗೆ ಹಾಕಬೇಕು, ಮತ್ತೆ ಬರಬೇಕು, ಮತ್ತೆ ಹಾಕಬೇಕು. ಉಜ್ಜಬೇಕು. ಮುನಿರಾಜುಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಬಸ್ಸಿಗೆ ಕಾಯುವುದಕ್ಕೂ ಆಗದೆ ಹೇರೋಹಳ್ಳಿಗೆ ನಡೆದೇ ಹೋಗುವವನು ಅವನು. ಕೋಪವನ್ನು ಉಗುಳಿನ ಜೊತೆ ನುಂಗಿದ. ಲೇತಿನ ಮುಂದೆ ನಿಂತಾಗ ಉಳಿ ಒತ್ತಿದರೆ ಪೀಸು ಹಾಳಾಗುತ್ತದೆ, ಅದು ಅವನಿಗೆ ಗೊತ್ತಿತ್ತು. ಕೂದಲೆಳೆಯಷ್ಟೇ ಕೊಡಬೇಕು. ಕೂದಲೆಳೆಯಷ್ಟೇ ಕೊಟ್ಟ.

ಮೇಲೆ, ಉದ್ದಕ್ಕೆ, ಎಡಕ್ಕೆ, ಬಲಕ್ಕೆ. ಇಪ್ಪತ್ತು ಹೊಡೆತ, ಮೂವತ್ತು ಹೊಡೆತ. ಶ್ಯಾಮಸುಂದರ ಚಚ್ಚುತ್ತಿದ್ದ, ಇವನು ಓಡಿ ಓಡಿ ವಾಪಸು ಹಾಕುತ್ತಿದ್ದ.

"ಏನೋ ಇದು, ಆಡ್ತಾ ಇದೀಯೋ ಹಪ್ಪಳ ಒಣಗಿಸ್ತಾ ಇದೀಯೋ?" ಬೆಂಚಿನಿಂದ ಮಾತು ಬಂತು.

ಒಂದು ಮೂರು. ಎರಡು ನಾಲ್ಕು. ನಾಲ್ಕು ನಾಲ್ಕು. ಬೆಂಚಿನಲ್ಲಿ ಹಪ್ಪಳದ ಮಾತು ನಿಂತಿತು. ಬೇಲಿಗೆ ಆತುಕೊಂಡು ದಾರಿಹೋಕರು ಸೇರತೊಡಗಿದರು, ಸೈಕಲ್ ನಿಲ್ಲಿಸಿದವರು, ಸೊಪ್ಪಿನ ಬುಟ್ಟಿ ಇಳಿಸಿದವರು. ಐದು ಐದು. ಈಗ ಶ್ಯಾಮಸುಂದರನ ಟಣ್ ಅನ್ನುವ ಸದ್ದು ಬದಲಾಗಿತ್ತು. ಬಿಗಿಯಾದ ಗಟ್ಟಿಗೆ ಸತ್ತ ಚೆಂಡು ಬಿದ್ದರೆ ಹಲಗೆಗೆ ಕಲ್ಲು ಬಿದ್ದಂತೆ ಠಕ್ ಅನ್ನುತ್ತಿತ್ತು, ಹಾರುತ್ತಿರಲಿಲ್ಲ. ಅವನು ಇನ್ನೂ ಜೋರು ಹೊಡೆದ. ನೆಟ್ಟಿಗೆ ಬಿತ್ತು. ಏಳು ಐದು!

ಬೇಲಿ ಕಡೆಯಿಂದ ಶಿಳ್ಳೆ ಬಂತು. ಲಕ್ಷ್ಮೀಪತಿ ಎದ್ದು ನಿಂತರು.

"ಸಾರ್," ಅಂದ ಶ್ಯಾಮಸುಂದರ, ಮುಖ ಒರೆಸಿಕೊಳ್ಳುತ್ತಾ. "ಈ ಚೆಂಡಲ್ಲಿ ಜೀವ ಇಲ್ಲ. ಒಂದು ಹೊಸ ಡಬ್ಬಿ ತೆಗೀರಿ."

ಲಕ್ಷ್ಮೀಪತಿ ಆಗಲೇ ಬೀರುವಿನ ಬೀಗದ ಕೈ ಹುಡುಕುತ್ತಿದ್ದರು. ಹೊಸ ಡಬ್ಬಿ ಒಡೆದರೆ ಮುಗಿಯಿತು ಮುನಿರಾಜುವಿನ ಕತೆ.

"ಸಾರ್," ಎತ್ತರದ ಕುರ್ಚಿಯ ಮೇಲಿಂದ ಪ್ರಭಾ ಕರೆದಳು. "ಬೋರ್ಡು."

"ಏನು ಬೋರ್ಡು?"

"ಒಂದು ಪಂದ್ಯಕ್ಕೆ ಒಂದೇ ಡಬ್ಬಿ. ಎರಡು ಗೆರೆ ಎಳ್ದಿದೀರಿ ಕೆಳಗೆ."

"ಅದು, ಅದು ಮಾಮೂಲಿ ಆಟಕ್ಕಮ್ಮ!"

"ಹಾಗಂತ ಬರ್ದಿಲ್ಲ ಸಾರ್. ಹೋದ ತಿಂಗಳು ನಾನು ಕೇಳ್ದಾಗ ಬೋರ್ಡು ಓದಿ ಅಂದ್ರಿ. ಓದ್ದೆ. ಬೋಳು ಚೆಂಡಲ್ಲೇ ಆಡ್ದೆ."

"ನನಗೂ ಹಂಗೇ ಅಂದ್ರಿ!" ಬೆಂಚಿನಿಂದ ಒಬ್ಬರು. "ನನಗೂ!" ಇನ್ನೊಬ್ಬರು. ಆ ಬೋರ್ಡಿನ ಮೇಲೆ ಇಡೀ ಕ್ಲಬ್ಬಿಗೇ ಹೊಟ್ಟೆಯೊಳಗೆ ಉರಿ ಇತ್ತು ಅನ್ನುವುದು ಅವತ್ತು ಹೊರಬಿತ್ತು. ಲಕ್ಷ್ಮೀಪತಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಕೂತರು.

ಮೂರನೇ ಸೆಟ್ಟು!

ಈಗ ಮುನಿರಾಜು ತನ್ನ ಮನೆಯೊಳಗೆ ಇದ್ದ. ಇದು ಅವನ ಚೆಂಡು, ಅವನ ಅರ್ಧ ಗಂಟೆಯ ಬೆಳಕು. ದುಂ, ದುಂ ಅಂತ ನರ ಹಾಡಿತು. ಆದರೂ ಶ್ಯಾಮಸುಂದರ ಸುಮ್ಮನೆ ಚಾಂಪಿಯನ್ ಆದವನಲ್ಲ. ಚೆಂಡಿಗೆ ಜೀವವಿಲ್ಲದಿದ್ದರೆ ನೆಟ್ಟಿನ ಹತ್ತಿರ ಬಂದು ಗಾಳಿಯಲ್ಲೇ ಹೊಡೆಯತೊಡಗಿದ. ಒಂದು ಅವನು, ಒಂದು ಇವನು. ನಾಲ್ಕು ನಾಲ್ಕು ಆಗುವ ಹೊತ್ತಿಗೆ ಇಬ್ಬರ ಅಂಗಿಯನ್ನೂ ಹಿಂಡಬಹುದಿತ್ತು. ಶ್ಯಾಮಸುಂದರ ಕೈಗೆ ಮರದ ಪುಡಿ ಹಚ್ಚಿಕೊಂಡ, ಟವೆಲ್ಲಿಗೆ ಒರೆಸಿಕೊಂಡ, ಚಡ್ಡಿಗೆ ಉಜ್ಜಿಕೊಂಡ. ತೊಗಲಿನ ಹಿಡಿ ಮೀನಿನಂತೆ ಜಾರುತ್ತಿತ್ತು. ಬ್ರೇಕ್ ಪಾಯಿಂಟು: ಸರ್ವಿಸ್ ಶ್ಯಾಮಸುಂದರನದು, ಇದೊಂದು ಹೋದರೆ ಗೇಮು ಮುನಿರಾಜುವಿನದು. ಮುನಿರಾಜು ಹೊಡೆದದ್ದನ್ನು ತಡೆಯಲು ಶ್ಯಾಮಸುಂದರ ಬ್ಯಾಟು ಅಡ್ಡ ಹಿಡಿದ. ಬ್ಯಾಟು ಕೈಯೊಳಗೇ ಗಿರ್ರನೆ ತಿರುಗಿತು, ಚೆಂಡು ಬೆಂಚಿನ ಕೆಳಗೆ ಹೋಯಿತು.

ಐದು ನಾಲ್ಕು. ಮುನಿರಾಜು ತನ್ನ ಬ್ಯಾಟಿನ ಹಿಡಿ ನೋಡಿಕೊಂಡ. ಲಾಟೀನ್ ಬತ್ತಿ ಕಂದು ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ತುಂಬ ಕುಡಿದಿತ್ತು, ಒಂದಿಷ್ಟೂ ಜಾರಿರಲಿಲ್ಲ.

ಇನ್ನೊಂದೇ ಗೇಮು. ಸರ್ವಿಸ್ ಅವನದೇ. ನಲವತ್ತು ಮೂವತ್ತು. ಬೇಲಿಯ ಹತ್ತಿರ ಯಾರೂ ಉಸಿರಾಡುತ್ತಿರಲಿಲ್ಲ. ಸೊಪ್ಪಿನವಳೊಬ್ಬಳೇ ಪಕ್ಕದವನನ್ನು ಕೇಳುತ್ತಿದ್ದಳು, "ನಮ್ಮುಡ್ಗ ಯಾವ ಕಡೆಯೋನು?"

ಹತ್ತು ಹೊಡೆತ. ಹದಿನೈದು. ಮುನಿರಾಜು ನಲ್ಲಿಯ ಹತ್ತಿರದ ಮೂಲೆಗೆ ಹಾಕಿದ. ಅಲ್ಲಿ ನೆಲ ಒಂದಿಷ್ಟು ತಗ್ಗು, ಚೆಂಡು ಏಳುವುದಿಲ್ಲ. ಎಂಟು ವರ್ಷ ರೋಲರ್ ಎಳೆದವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ? ಶ್ಯಾಮಸುಂದರ ಬಗ್ಗಿ ಹೇಗೋ ಎತ್ತಿದ. ಚೆಂಡು ನಿಧಾನವಾಗಿ, ಮೇಲಕ್ಕೆ, ಕೋರ್ಟಿನ ಮಧ್ಯಕ್ಕೆ ತೇಲಿ ಬಂತು.

ಒಂದೂವರೆ ಗಂಟೆಯಿಂದ ಕಟ್ಟಿಹಾಕಿದ್ದ ಸಿಟ್ಟನ್ನು ಮುನಿರಾಜು ಆಗ ಬಿಚ್ಚಿದ. ಎಂಜಲು ಬೆರಳು, ಮೇಷ್ಟರ ಕೋಲು, ಸಿಕ್ಸರ್ ಅಂದ ಬಾಯಿ, ಎಲ್ಲವೂ ಆ ಒಂದು ಹೊಡೆತದಲ್ಲಿ ಹೋಯಿತು. ಚೆಂಡು ಕಾಣಲಿಲ್ಲ. ಆಚೆಯ ಗೆರೆಯ ಹತ್ತಿರ ಧೂಳೆದ್ದಿತು.

"ಔಟ್!" ಲಕ್ಷ್ಮೀಪತಿ ಎದ್ದು ನಿಂತು ಅರಚಿದರು.

ಪ್ರಭಾ ಬಾಯಿ ತೆಗೆಯುವ ಮೊದಲೇ ಶ್ಯಾಮಸುಂದರ ಹೋಗಿ ಚೆಂಡು ಎತ್ತಿಕೊಂಡು ಬಂದ. ಕೆಮ್ಮಣ್ಣು ಮೆತ್ತಿದ ಬೋಳು ಚೆಂಡಿನ ಒಂದು ಮಗ್ಗುಲಲ್ಲಿ, ಮದುವೆ ಹೆಣ್ಣಿನ ಕೆನ್ನೆಯ ದೃಷ್ಟಿಬೊಟ್ಟಿನಷ್ಟು ಸ್ಪಷ್ಟವಾಗಿ, ಬಿಳೀ ಸುಣ್ಣದ ಕಲೆ.

"ಗೆರೆ ಮೇಲೆ ಬಿದ್ದಿದೆ ಸಾರ್," ಅಂದ. "ಬೆಳಿಗ್ಗೆ ಇವನೇ ಎಳೆದ ಗೆರೆ." ನೆಟ್ಟಿನ ಮೇಲಿಂದ ಕೈ ಚಾಚಿದ. "ಬರೋ ಭಾನುವಾರ ಮತ್ತೆ ಆಡೋಣ ಬಾ ಗುರು. ನಂಗೂ ಒಂದು ಬತ್ತಿ ಸುತ್ತಿಸಿಕೊಡು."

ಬೇಲಿ ಆಚೆಯ ಜನವೆಲ್ಲ ಒಟ್ಟಿಗೆ ಕೂಗಿತು. ಮುನಿರಾಜು ಕಿರುಚಲಿಲ್ಲ, ಕುಣಿಯಲಿಲ್ಲ. ಶ್ಯಾಮಸುಂದರನ ಕೈ ಕುಲುಕಿ, ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸೀದಾ ಗೇಟಿನ ಹತ್ತಿರ ನಡೆದ. ಸ್ಲೇಟಿನ ಕೆಳಗಿದ್ದ ಸೀಮೆಸುಣ್ಣ ಎತ್ತಿಕೊಂಡ. ಲಕ್ಷ್ಮೀಪತಿ ಪಕ್ಕದಲ್ಲೇ ನಿಂತಿದ್ದರು. ಬೆರಳುಗಳು ಜೇಬಿನೊಳಗೆ ಬೀಗದ ಕೈಯ ಜೊತೆ ಇದ್ದವು.

ಸ್ಲೇಟಿನಲ್ಲಿ ಸೋಮವಾರ, ಬೆಳಿಗ್ಗೆ ಆರೂವರೆ. ಎದುರಿಗೆ ಖಾಲಿ. ಮುನಿರಾಜು ಬರೆಯತೊಡಗಿದ. 'ಮು' ಮುಗಿಯುವಷ್ಟರಲ್ಲಿ ಸೀಮೆಸುಣ್ಣ ಪಟ್ಟನೆ ಮುರಿಯಿತು.

ಹಿಂದಿನಿಂದ ಕೊಡೆ ಮಡಚುವ ಸದ್ದು ಬಂತು. ಕೆಂಪಯ್ಯ ಗೇಟಿನೊಳಗೆ ಒಂದು ಕಾಲಿಟ್ಟು ನೋಡುತ್ತಿದ್ದ.

"ಎಷ್ಟು ಸಲ ಹೇಳ್ಬೇಕೋ ನಿಂಗೆ," ಅಂದ. "ಬಿಗಿ ಬೇಡ. ಸಡ್ಲ ಹಿಡಿ."

ಮುನಿರಾಜು ನಕ್ಕ. ಉಳಿದ ತುಂಡನ್ನು ಸಡಿಲವಾಗಿ ಹಿಡಿದು, ಸ್ಲೇಟಿನ ಈ ಅಂಚಿನಿಂದ ಆ ಅಂಚಿನವರೆಗೆ, ಪೂರ್ತಿ ಹೆಸರು ಬರೆದ.